ಆರಾರು ತಿಂಗಳ ಕಪ್

ಕುಶಾಲನಗರದ ಜಯಪ್ಪ ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ತಂಡದ ಕ್ಯಾಪ್ಟನ್ ಆಗಿದ್ದ. ಹೇಗಾದೆ ಎಂದು ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ: ಚೆಂಡು ಅವನ ಅಪ್ಪನ ಅಂಗಡಿಯದು. ಕ್ಯಾಪ್ಟನ್ ಮಾಡದಿದ್ದರೆ ಚೆಂಡು ಅಂಗಡಿಗೆ ವಾಪಸ್ಸು. ಉಳಿದಂತೆ ಅವನ ಕಾಲಿಗೂ ಗೋಲಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಆದರೂ ತೊಂಬತ್ತರ ದಶಕದ ಆ ಸಿದ್ದಾಪುರದ ಫೈನಲ್ ನೆನೆದರೆ ಈಗಲೂ ಅವನ ಎದೆ ಉಬ್ಬುತ್ತದೆ. ಅಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಮಧ್ಯಾಹ್ನಕ್ಕೇ ಕಾಫಿ ಪಿಕಿಂಗ್ ನಿಲ್ಲಿಸಿ ಲೈನುಮನೆಯ ಕೂಲಿಯವರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಬಂದಿದ್ದರು. ಜಾಗ ಸಿಗದವರು ಲಾರಿ ಹತ್ತಿದರು, ಮರ ಹತ್ತಿದರು. ಮೈಕಿನವ ಕನ್ನಡದಲ್ಲಿ ಶುರು ಮಾಡಿ, ಚೆಂಡು ಗೋಲಿನ ಹತ್ತಿರ ಬಂದ ಕೂಡಲೇ ಮಲಯಾಳಕ್ಕೆ ಹಾರುತ್ತಿದ್ದ. ಜಯಪ್ಪ ಗೋಲಿಗೆಂದು ಹೊಡೆದಾಗಲೆಲ್ಲ ಚೆಂಡನ್ನು ಕಾಫಿ ಗಿಡಗಳ ನಡುವೆ ಹುಡುಕಬೇಕಾಯಿತು. ಎದುರು ತಂಡದ ಕ್ಯಾಪ್ಟನ್, ಸಿದ್ದಾಪುರದ ಕೂಸಪ್ಪ, ಒಬ್ಬನೇ ಎರಡು ಗೋಲು ಹೊಡೆದ. ಪುಣ್ಯಕ್ಕೆ ಜಯಪ್ಪನ ತಂಡದಲ್ಲಿ ಆಟ ಬಲ್ಲವರೂ ಇದ್ದರು, ಅವರೂ ಎರಡು ಹೊಡೆದರು. ಟೈಬ್ರೇಕರಿನಲ್ಲೂ ಸಮ. ಅಷ್ಟರಲ್ಲಿ ಕತ್ತಲಾಯಿತು. ಇಬ್ಬರೂ ಗೆದ್ದ ಹಾಗೆ, ಕಪ್ ಆರು ತಿಂಗಳು ಅವರ ಮನೆಯಲ್ಲಿ, ಆರು ತಿಂಗಳು ಇವರ ಮನೆಯಲ್ಲಿ ಎಂದು ಕಮಿಟಿ ಹೇಳಿತು.

ಈ ಪದ್ಧತಿ ವರ್ಷಕ್ಕೆ ಮುಗಿಯಬೇಕಿತ್ತು. ಆದರೆ ಮರುವರ್ಷ ಯಾರೋ ಪ್ಲಾಂಟರು ಹೊಸ ಕಪ್ ಕೊಟ್ಟರು, ಹಳೆಯದನ್ನು ಯಾರೂ ಕೇಳಲಿಲ್ಲ. ಅದು ಇವತ್ತಿಗೂ ಬಸ್ಸಿನಲ್ಲಿ ಓಡಾಡುತ್ತಲೇ ಇದೆ. ಜಯಪ್ಪ ಕಪ್ ಹೊತ್ತು ಹೋದ ದಿನ ಕೂಸಪ್ಪನ ಹೆಂಡತಿ ಮುದ್ದಿ, ಲಿಂಗ ಕಟ್ಟಿದವರು ಬರುತ್ತಾರೆಂದು, ಮಾಂಸ ಮುಟ್ಟದ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಪಲ್ಯ ಮಾಡುತ್ತಾಳೆ. ಕೂಸಪ್ಪ ಬಂದ ದಿನ ಜಯಪ್ಪನ ಮನೆಯಲ್ಲಿ ಹೋಳಿಗೆ. ಊಟವಾದ ಮೇಲೆ ಇಬ್ಬರೂ ಆ ಫೈನಲನ್ನು ಮೊದಲಿನಿಂದ ಬಾಯಲ್ಲೇ ಆಡುತ್ತಾರೆ. ನಡುವೆ ಸುಮ್ಮನೆ ಒಮ್ಮೆ ಹೋಗಿಬರಲು ಜಯಪ್ಪನಿಗೆ ಆಸೆಯಿತ್ತು, ಆದರೆ ಸಂಕೋಚ. ಕಪ್ ಇಲ್ಲದೆ ಏನೆಂದು ಹೇಳಿಕೊಂಡು ಹೋಗುವುದು?

ಈ ವರ್ಷ ಕಮಿಟಿಯ ಹುಡುಗರಿಗೆ ಹೊಸ ಹುಮ್ಮಸ್ಸು. ಹಳೆ ಫೈನಲ್ ತೀರ್ಮಾನವಾಗಲಿ, ಕ್ಯಾಪ್ಟನ್‌ಗಳು ಒಂದೊಂದು ಪೆನಾಲ್ಟಿ ಹೊಡೆಯಲಿ, ಗೆದ್ದವರಿಗೆ ಕಪ್ ಖಾಯಂ ಎಂದರು. ಮೈಕು ಕಂಡರೆ ನಾಲಿಗೆ ಹಿಡಿತದಲ್ಲಿರದ ಜಯಪ್ಪ "ನಾನ್ ರೆಡಿ" ಎಂದುಬಿಟ್ಟ. ಮನೆಗೆ ಬಂದ ಮೇಲೆ ತಲೆಗೆ ಹೊಳೆಯಿತು. ಯಾರು ಗೆದ್ದರೂ ಸಿದ್ದಾಪುರದ ದಾರಿ ಬಂದ್. ಇಬ್ಬರೂ ಗೋಲು ಹಾಕಬೇಕು, ಇಲ್ಲವೇ ಇಬ್ಬರೂ ತಪ್ಪಬೇಕು. ಆಗ ಮಾತ್ರ ಹಳೆಯ ಪದ್ಧತಿ ಉಳಿದೀತು.

"ಯಾಕ್ರೀ ಸಪ್ಪಗಿದ್ದೀರಾ?" ಎಂದಳು ಹೆಂಡತಿ ಕಾಂತಮ್ಮ. "ನೀವ್ ಹೊಡ್ದಿದ್ದು ಯಾವತ್ತಾದ್ರೂ ಒಳಗೆ ಹೋಗಿದ್ಯಾ? ಸುಮ್ನೆ ಊಟ ಮಾಡಿ."

ಪೆನಾಲ್ಟಿಯ ದಿನ ಮೊದಲು ಹೊಡೆದವನು ಕೂಸಪ್ಪ. ಎಂದೂ ಪೆನಾಲ್ಟಿ ತಪ್ಪದ ಅವನ ಚೆಂಡು ಕಂಬದಿಂದ ಮಾರುದೂರ ಹೋಯಿತು. ಜನ ಉಸ್ಸೆಂದರು. ಜಯಪ್ಪನಿಗೆ ಹೋದ ಜೀವ ಬಂದಂತಾಯಿತು. ಇನ್ನು ತಾನೂ ತಪ್ಪಿದರಾಯಿತು. ಜೀವಮಾನವಿಡೀ ಮಾಡಿಕೊಂಡು ಬಂದ ಕೆಲಸ, ಅದೇನು ದೊಡ್ಡದು? ಗೋಲಿನ ಎಡಕ್ಕೆ ನಿಂತಿದ್ದ ಜೀಪಿಗೆ ಗುರಿಯಿಟ್ಟು ಬಲವಾಗಿ ಒದ್ದ. ಚೆಂಡು ಹೆಬ್ಬೆರಳಿನ ಅಂಚಿಗೆ ತಾಗಿ ಗಿರಗಿರ ತಿರುಗಿತು. ಗೋಲ್‌ಕೀಪರಾಗಿ ನಿಂತಿದ್ದ ಕಮಿಟಿಯ ಹುಡುಗ ದೀಪಕ್ ಜೀಪಿನ ಕಡೆಗೆ ಹಾರಿದ. ಚೆಂಡು ಬಲಗಡೆಯ ಕಂಬ ಸವರಿಕೊಂಡು ಒಳಗೆ ಹೋಯಿತು.

ಜನ ಅವನನ್ನು ಎತ್ತಿ ಕುಣಿಸಿದರು. ಜಯಪ್ಪನಿಗೆ ಅಳುವೇ ಬಂತು. ಆನಂದಬಾಷ್ಪ ಎಂದು ಮೈಕಿನವ ಎರಡು ಭಾಷೆಯಲ್ಲಿ ವರ್ಣಿಸಿದ. ಕೆಳಗಿಳಿದವನೇ ಜಯಪ್ಪ ಕೂಸಪ್ಪನ ಬಳಿ ಓಡಿದ.

"ಎಂಥ ಮಾರಾಯ ನೀನು ಮಾಡಿದ್ದು?" ಕೂಸಪ್ಪನಿಗೆ ನಿಜವಾಗಿ ಸಿಟ್ಟು ಬಂದಿತ್ತು. "ನೀನು ಹೇಗೂ ಹೊರಗೇ ಹೊಡೀತೀಯಾಂತ ನಂಬಿ ನಾನು ಬೇಕೂಂತ್ಲೇ ಹೊರಗೆ ಹೊಡ್ದೆ."

"ನಾನೂ ಹೊರಕ್ಕೇ ಹೊಡ್ದಿದ್ದು ಕಣಯ್ಯಾ. ಆ ಜೀಪಿಗೆ ಗುರಿ ಇಟ್ಟಿದ್ದೆ."

ಕೂಸಪ್ಪ ಜೀಪನ್ನೊಮ್ಮೆ ನೋಡಿದ, ಗೋಲನ್ನೊಮ್ಮೆ ನೋಡಿದ. "ಅಷ್ಟು ದೊಡ್ಡ ಜೀಪು," ಎಂದ.

ಅಷ್ಟರಲ್ಲಿ ಜಯಪ್ಪನನ್ನು ವೇದಿಕೆಗೆ ಕರೆದರು, ಹಾರ ಹಾಕಿದರು, ಕಪ್ ಖಾಯಂ ಎಂದು ಸಾರಿ ಕೈಗಿಟ್ಟರು. ಅವನು ಅದನ್ನು ಹಿಡಿದು ನೆಟ್ಟಗೆ ಕೆಳಗಿಳಿದು ಬಂದು ಕೂಸಪ್ಪನ ತೋಳಿಗೆ ತುರುಕಿದ.

"ಇದೀಗ ನಂದೇ ತಾನೆ? ನನ್ ವಸ್ತು ಎಲ್ಲಿಡ್ಬೇಕು ಅನ್ನೋದು ನನ್ನಿಷ್ಟ. ನಿಮ್ಮನೇಲೇ ಇರ್ಲಿ. ನಂಗೆ ನೋಡ್ಬೇಕು ಅನ್ನಿಸ್ದಾಗ ಬರ್ತೀನಿ."

ಕೂಸಪ್ಪ ಕಪ್ಪನ್ನು ಕೆಳಗಿಡಲಿಲ್ಲ. "ಆರು ತಿಂಗ್ಳಿಗೊಮ್ಮೆಯಾ?" ಎಂದು ಮೆಲ್ಲಗೆ ಕೇಳಿದ.

"ಈ ಭಾನುವಾರಾನೇ," ಎಂದ ಜಯಪ್ಪ.