ನನ್ನ ಕಡೆ ಬರಬೇಡಿ, ಭಾವ!

ಅಲೆಕ್ಸಾಂಡ್ರಿಯಾದ ಪಶ್ಚಿಮಕ್ಕೆ, ಸಮುದ್ರದಂಡೆಯ ಓಣಿಯೊಂದರಲ್ಲಿ ಇನ್ಶಿರಾಹ್‌ಳ ಮನೆ. ಬಾಲ್ಕನಿಯಲ್ಲಿ ನಿಂತರೆ ನೀರು ಕಾಣುತ್ತದೆ. ಗಂಡ ರಾಫತ್ ಆ ನೀರಿನಲ್ಲೇ ತೀರಿಕೊಂಡ. ಅಂದಿನಿಂದ ಅವಳು ದಂಡೆಗೆ ಕಾಲಿಟ್ಟಿರಲಿಲ್ಲ. ಹಾಗೆಂದು ಸಮುದ್ರವನ್ನು ಮರೆತವಳೂ ಅಲ್ಲ. ಒಣಗಿದ ಬಟ್ಟೆಯಲ್ಲಿ ಉಪ್ಪಿನ ವಾಸನೆ ಬಂದರೆ ಮಡಚುವ ಕೈ ಅಲ್ಲೇ ನಿಲ್ಲುತ್ತಿತ್ತು.

ಆ ಬೇಸಿಗೆಯಲ್ಲಿ ಗಂಡನ ಅಣ್ಣ ಶೌಕಿ, ಮಗಳು ರಬಾಬ್‌ಳನ್ನು ಕರೆದುಕೊಂಡು ಒಳನಾಡಿನ ತಾಂತಾ ಊರಿನಿಂದ ಬಂದ. ಶುಕ್ರವಾರ ಬೆಳಿಗ್ಗೆ ರಬಾಬ್ ಅವಳ ಕೈ ಹಿಡಿದು ಜಗ್ಗಿದಳು.

"ಚಿಕ್ಕಮ್ಮಾ, ನೀವೂ ಬನ್ನಿ. ನೀರಿಗೆ ಇಳೀಬೇಡಿ, ಸುಮ್ನೆ ಕೂತ್ಕೊಳ್ಳಿ."

ಇನ್ಶಿರಾಹ್ ಚಪ್ಪಲಿಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಟ್ಟಿಕೊಂಡಳು.

ಪಕ್ಕದ ಮನೆಯ ಫತ್ಹಿಯಾಳೂ ಕಲ್ಲಂಗಡಿ ಹಿಡಿದು ಜೊತೆಗೆ ಹೊರಟಳು. ಅವಳು ಹುಡುಗಿಯರಿಗೆ ಈಜು ಕಲಿಸುವವಳು.

ದಂಡೆಯಲ್ಲಿ ಈಜುವವರನ್ನು ಕಾಯುವ ಕಾವಲುಗಾರರಿದ್ದ ಕಡೆ ಜನ ಗಿಜಿಗುಡುತ್ತಿದ್ದರು. ಶೌಕಿ ದೂರಕ್ಕೆ ಕೈ ತೋರಿಸಿದ.

"ಅಲ್ಲಿ ನೋಡಿ, ಎರಡೂ ಕಡೆ ಅಲೆ, ನಡುವೆ ನೀರು ಎಷ್ಟು ಶಾಂತವಾಗಿದೆ! ಅಲ್ಲೇ ಇಳೀತೀನಿ."

"ಶೌಕಿ ಅಣ್ಣಾ, ಇಳೀಬಾರದ ಜಾಗ ಅಂದ್ರೆ ಅದೇ," ಎಂದಳು ಫತ್ಹಿಯಾ. "ಅಲೆ ತಂದು ಹಾಕಿದ ನೀರು ವಾಪಸ್ ಹೋಗೋಕೆ ದಾರಿ ಬೇಕಲ್ವಾ? ಅದೇ ಆ ದಾರಿ. ನೀರು ಕಪ್ಪಗಿದೆ ನೋಡಿ. ನೊರೆ ದಡದಿಂದ ಆಚೆಗೆ ಹೋಗ್ತಿದೆ. ಮನುಷ್ಯರನ್ನೂ ಹಾಗೇ ಎಳ್ಕೊಂಡು ಹೋಗುತ್ತೆ."

"ಕೆಳಕ್ಕೆ ಎಳೆಯುತ್ತಾ?" ಎಂದಳು ರಬಾಬ್.

"ಇಲ್ಲಮ್ಮ, ಆಚೆಗೆ ಎಳೆಯುತ್ತೆ. ಹೆದರಿ ಅದಕ್ಕೆ ಎದುರಾಗಿ ಈಜಿದವರು ಸುಸ್ತಾಗಿ ಮುಳುಗ್ತಾರೆ. ಸಿಕ್ಕಿಕೊಂಡ್ರೆ ಅಂಗಾತ ತೇಲಬೇಕು, ಕೈ ಎತ್ತಿ ಕರೀಬೇಕು. ಶಕ್ತಿ ಇದ್ರೆ ದಡದ ಉದ್ದಕ್ಕೆ, ಪಕ್ಕಕ್ಕೆ ಈಜಬೇಕು. ಸೆಳೆತ ಬಿಟ್ಟ ಮೇಲೆ ದಡದ ಕಡೆ ಬರಬೇಕು."

ಶೌಕಿ ನಕ್ಕ. "ನೈಲ್ ಕಾಲುವೇಲಿ ಈಜಿ ಬೆಳೆದವನಮ್ಮ ನಾನು. ಈ ಪಾಠ ನಿನ್ನ ಹುಡುಗೀರಿಗೆ ಇಟ್ಕೋ. ನಮ್ಮ ರಾಫತ್ ಮೀನಿನ ಹಾಗೆ ಈಜ್ತಿದ್ದ. ಹೋದನಲ್ಲ! ಎಲ್ಲಾ ಹಣೇಬರಹ."

ಇನ್ಶಿರಾಹ್ ರಬಾಬ್‌ಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಶೌಕಿ ಆ ಜಾಗಕ್ಕೇ ನಡೆದು ನೀರಿಗಿಳಿದ; ಉಳಿದವರು ಹಿಂದೆ ಹೋಗಿ ದಡದಲ್ಲಿ ನಿಂತರು. ನೋಡುನೋಡುತ್ತಲೇ ದೂರವಾದ. ಗಾಬರಿಯಿಂದ ದಡದತ್ತ ತಿರುಗಿ ತೋಳು ಬೀಸತೊಡಗಿದ. ಎಷ್ಟು ಬೀಸಿದರೂ ಹಿಂದಕ್ಕೇ ಹೋಗುತ್ತಿದ್ದ.

"ಅಪ್ಪಾ!" ರಬಾಬ್ ನೀರಿನತ್ತ ಓಡಿದಳು. ಇನ್ಶಿರಾಹ್ ಅವಳನ್ನು ಗಟ್ಟಿಯಾಗಿ ತಬ್ಬಿ ಹಿಡಿದಳು.

"ಯಾರೂ ಇಳೀಬೇಡಿ!" ಎನ್ನುತ್ತ ಫತ್ಹಿಯಾ ಕಾವಲುಗಾರರ ಕಡೆ ಓಡಿದಳು.

ಶೌಕಿಯ ಕಣ್ಣು ಇನ್ಶಿರಾಹ್‌ಳ ಮೇಲೇ ಇತ್ತು. ಅವಳು ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದಳು.

"ನನ್ನ ಕಡೆ ಬರಬೇಡಿ, ಭಾವ! ಅಂಗಾತ ಮಲಗಿ! ತೇಲಿ!"

ಮತ್ತೆ ಮತ್ತೆ ಕೂಗಿದಳು. ಕೊನೆಗೆ ಅವನ ತೋಳುಗಳು ನಿಂತವು. ಮುಖ ಆಕಾಶಕ್ಕೆ ತಿರುಗಿತು. ಒಂದು ಕೈ ಮೇಲೆದ್ದಿತು. ಕಾವಲುಗಾರ ತೇಲುಹಲಗೆಯ ಮೇಲೆ ಹೋಗಿ ಮುಟ್ಟುವವರೆಗೂ ಅವನು ಹಾಗೇ ತೇಲುತ್ತಿದ್ದ.

ದಡಕ್ಕೆ ಬಂದ ಶೌಕಿ ಟವೆಲ್ ಹೊದ್ದು ಇನ್ಶಿರಾಹ್‌ಳ ಪಕ್ಕ ಕೂತ. "ನಿನ್ನ ದನಿ ಕೇಳದೇ ಇದ್ದಿದ್ರೆ ಹೋಗೇಬಿಡ್ತಿದ್ದೆ," ಎಂದ.

"ಅವತ್ತು ಅವರೂ ನೇರ ನನ್ನ ಕಡೆಗೇ ಈಜ್ತಿದ್ರು, ಭಾವ," ಎಂದಳು ಇನ್ಶಿರಾಹ್. "ನಾನು ಕೈ ಚಾಚಿ 'ಬನ್ನಿ, ಬನ್ನಿ' ಅಂತ ಕರೀತಿದ್ದೆ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

ಶೌಕಿ ಮುಖ ಮುಚ್ಚಿಕೊಂಡು ಅತ್ತ. "ಹಣೇಬರಹ ಅಂತ ಎಷ್ಟು ಸಲೀಸಾಗಿ ಅಂದ್ಬಿಟ್ಟೆ!"

ಅಷ್ಟರಲ್ಲಿ ಬೇರೊಂದು ಕುಟುಂಬ ಅದೇ ಜಾಗದಲ್ಲಿ ಚಾಪೆ ಹಾಸಲು ಬಂತು. ಶೌಕಿ ಟವೆಲ್ಲಿನಲ್ಲೇ ಎದ್ದು ಹೋಗಿ ಅವರನ್ನು ತಡೆದ. ಕಪ್ಪು ನೀರನ್ನೂ ಆಚೆ ಹೋಗುವ ನೊರೆಯನ್ನೂ ಕೈ ಮಾಡಿ ತೋರಿಸಿದ.

ಇನ್ಶಿರಾಹ್ ಕಾವಲಿರುವ ಕಡೆಗೆ ನಡೆದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ನೀರು ಬೆಚ್ಚಗಿತ್ತು. ರಾಫತ್ ಇದ್ದಿದ್ದರೆ ಈಗ ನೀರೆರಚಿ ಅವಳನ್ನು ನಗಿಸುತ್ತಿದ್ದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಾವಲುಗಾರರಿರುವ ಕಡೆಯೇ ನೀರಿಗಿಳಿಯಿರಿ. ಅವರು ಬೇಡವೆಂದ ದಿನ ದಂಡೆಯಲ್ಲೇ ಕೂತು ಬನ್ನಿ. ಅಲೆಗಳ ನಡುವೆ ಶಾಂತವಾಗಿ ಕಾಣುವ ನೀರನ್ನು ನಂಬಬೇಡಿ. ಯಾರಾದರೂ ಸಿಕ್ಕಿಕೊಂಡರೆ ಕಾವಲುಗಾರರನ್ನು ಕರೆಯಿರಿ, ತೇಲುವ ವಸ್ತು ಎಸೆಯಿರಿ, ನೀವೇ ಧುಮುಕಬೇಡಿ. ನೀವೇ ಸಿಕ್ಕಿಕೊಂಡರೆ ಸೆಳೆತದ ಜೊತೆ ಗುದ್ದಾಡಬೇಡಿ. ದಡದಲ್ಲಿ ನಿಮ್ಮವರು ಕಾಯುತ್ತಿರುತ್ತಾರೆ. ತಡವಾದರೂ ಸರಿ, ಬಳಸಿಕೊಂಡಾದರೂ ಸರಿ, ಅವರ ಬಳಿಗೆ ಜೀವಂತ ಬನ್ನಿ.