ಹತ್ತದೆ ಬಿಟ್ಟ ಬೋಟು

ಯಲಗೂರಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂಬುದು ಇಚಲಕರಂಜಿಯ ಅವನ ಓಣಿಗೆಲ್ಲ ಗೊತ್ತು. ಮೂವತ್ತು ವರ್ಷ ಪಾವರ್‌ಲೂಮ್ ಓಡಿಸಿದವನು. ಹೆಂಡತಿ ಜನಾಬಾಯಿ ಅದೇ ಕಾರ್ಖಾನೆಯಲ್ಲಿ ನೂಲು ಸುತ್ತಿದವಳು. ಇಬ್ಬರೂ ಸಮುದ್ರ ಕಂಡವರಲ್ಲ. ಕೊಲ್ಹಾಪುರದ ಹತ್ತಿರ ಶಿರೋಳಿಯಲ್ಲಿ ಕೆಲಸಕ್ಕಿರುವ ಮಗಳು ಸುವರ್ಣಾ, ಅವರ ಮದುವೆಗೆ ಮೂವತ್ತು ತುಂಬಿತೆಂದು ಮುಂಬಯಿ ಬಂದರದ ದೊಡ್ಡ ಬೋಟಿನಲ್ಲಿ ಒಂದು ರಾತ್ರಿಯ ವಸ್ತಿ ಗೊತ್ತುಮಾಡಿದಳು. ಮೆತ್ತನೆ ಹಾಸಿಗೆ, ಕಿಟಕಿಯ ಕೆಳಗೇ ನೀರು. ಆ ಕೋಣೆಯ ಫೋಟೋವನ್ನು ಜನಾಬಾಯಿ ಎರಡು ತಿಂಗಳು ಮೊಬೈಲಿನಲ್ಲಿ ನೋಡಿದ್ದೇ ನೋಡಿದ್ದು.

“ನೀರ ಮ್ಯಾಲ ಮಲಗಿದ್ರ ತೊಟ್ಟಲಾಗ ಮಲಗಿದಂಗ ಆಗತೈತೇನ್ರಿ?”

“ಮೊಮ್ಮಕ್ಕಳ ಆಡಸೋ ವಯಸ್ಸಿನ್ಯಾಗ ತೊಟ್ಟಲ ಬೇಕಾತೇನ ನಿನಗ?”

ಆ ದಿನ ಮುಂಬಯಿಗೆ ಬಂದಿಳಿದು, ಸಂಜೆ ಐದಕ್ಕೆ ಬೋಟು ನಿಲ್ಲುವ ಧಕ್ಕೆಗೆ ಹೋದರು. ಬಿಳಿ ಅಂಗಿಯ ಬೋಟಿನವನು ಚಪ್ಪಲಿ ಬಿಚ್ಚಿಡಲು ಬುಟ್ಟಿಯೊಂದನ್ನು ಮುಂದಿಟ್ಟು, “ಕಾಕಾ, ಚಪ್ಪಲ ಇಥೇ ಕಾಢಾ,” ಎಂದ.

ಯಲಗೂರಪ್ಪನಿಗೆ ಕಾರ್ಖಾನೆಯ ಮಾಲಕರ ಬಂಗಲೆ ನೆನಪಾಯಿತು. ದೀಪಾವಳಿಗೆ ಹೋದ ಕೆಲಸಗಾರರು ಗೇಟಿನ ಹೊರಗೇ ಚಪ್ಪಲಿ ಬಿಡಬೇಕಿತ್ತು. ಬೂಟಿನವರು ಬೂಟು ಸಮೇತ ಒಳಗೆ ಹೋಗುತ್ತಿದ್ದರು.

“ಯಾಕ? ನಮ್ಮ ಚಪ್ಪಲಿಗೆ ಹೊಲಸ ಹತ್ತೇತೇನ? ಬೂಟ ಹಾಕ್ಕೊಂಡ ಬಂದಿದ್ರ ಸಲಾಂ ಹೊಡಿತಿದ್ದಿ!”

ಬೋಟು ಹತ್ತುವವರೆಲ್ಲ ಬಿಡಲೇಬೇಕೆಂದು ಅವನು ಮರಾಠಿಯಲ್ಲಿ ನಗುತ್ತಲೇ ಹೇಳಿದ. ಆ ನಗು ಉರಿಯುವ ಬೆಂಕಿಗೆ ಎಣ್ಣೆಯಾಯಿತು. ಜನಾಬಾಯಿ ಆಗಲೇ ಚಪ್ಪಲಿ ಕೈಗೆತ್ತಿಕೊಂಡು ಬೋಟಿಗೆ ಹತ್ತುವ ಹಲಗೆಯ ಮೇಲೆ ಕಾಲಿಟ್ಟಿದ್ದಳು.

“ಬಿಡ್ರಿ, ಗುಡಿಯಾಗ ಬಿಡೂದಿಲ್ಲೇನ?”

“ಇದೇನ ನಿಮ್ಮಪ್ಪ ಕಟ್ಟಿಸಿದ ಗುಡಿಯೇನ? ಇಳೀ ಕೆಳಗ!”

ಅವಳು ಇಳಿದಳು.

ಇಬ್ಬರೂ ಧಕ್ಕೆಯ ಕಲ್ಲಿನ ಮೇಲೆ ಕುಳಿತರು. ಅಷ್ಟರಲ್ಲಿ ಕಾರಿನಿಂದ ಶ್ರೀಮಂತ ಗಂಡ ಹೆಂಡತಿ ಇಳಿದರು. ಗಂಡ ಬಗ್ಗಿ ಬೂಟಿನ ಲೇಸು ಬಿಚ್ಚಿದ. ಇಬ್ಬರ ಬೂಟೂ ಬುಟ್ಟಿಗೆ ಬಿದ್ದವು. ಬರಿಗಾಲಲ್ಲಿ ಬೋಟು ಹತ್ತಿದರು. ಬೋಟಿನವನ ಕಾಲೂ ಬರಿಗಾಲೇ ಎಂಬುದು ಯಲಗೂರಪ್ಪನ ಕಣ್ಣಿಗೆ ಬಿದ್ದದ್ದು ಆಗ.

“ಕಾಕಾ, ಯಾ ನಾ!” ಎಂದು ಬೋಟಿನವನು ಮತ್ತೊಮ್ಮೆ ಬರಲು ಕರೆದ.

ಜನಾಬಾಯಿ ಗಂಡನ ಮುಖ ನೋಡಿದಳು. ಚಪ್ಪಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಅವನು ಸುಮ್ಮನೆ ಎದ್ದು ನಿಂತಿದ್ದರೆ ಸಾಕಿತ್ತು. ಆದರೆ ಇಷ್ಟು ಕೂಗಾಡಿ ಈಗ ಎದ್ದರೆ ನಗುತ್ತಾರೆನಿಸಿ ತಲೆ ತಗ್ಗಿಸಿ ಕುಳಿತ. ಹಲಗೆ ಎಳೆದುಕೊಂಡರು, ಹಗ್ಗ ಬಿಚ್ಚಿದರು. ಬೋಟು ದೂರವಾದ ಮೇಲೆ ಜನಾಬಾಯಿ ಚಪ್ಪಲಿ ಮೆಟ್ಟಿಕೊಂಡಳು.

“ಈಗ ಊರಿಗೆ ಹೋದ್ರ ಬೋಟ ಹತ್ತಲಿಲ್ಲಂತ ಪೋರಿ ಸುವರ್ಣಾಗ ಗೊತ್ತಾಗತೈತಿ,” ಎಂದಳು. ಆ ರಾತ್ರಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕಳೆದು, ಬೆಳಿಗ್ಗೆ ಬಸ್ಸು ಹಿಡಿದರು.

ಕೊಲ್ಹಾಪುರದಲ್ಲಿ ಸುವರ್ಣಾ ಕಾದಿದ್ದಳು. “ಹೆಂಗಿತ್ತವ್ವಾ?”

“ಭಾಳ ಛಲೋ ಇತ್ತ. ಮುಂಜಾನೆ ಕಿಟಕಿ ತೆಗದ್ರ ನೀರೆಲ್ಲಾ ಕೆಂಪ. ನಿಮ್ಮಪ್ಪನ ಗೊರಕಿಗೆ ಮೀನ ಹೆದರಿ ಓಡಿಹೋದ್ವು ನೋಡು.”

“ಫೋಟೋ ತೋರಸ ಮತ್ತ.”

“ನಿಮ್ಮಪ್ಪಗ ತೆಗಿಯಾಕ ಎಲ್ಲಿ ಬರತೈತಿ?”

ಯಲಗೂರಪ್ಪ ಬಾಯಿ ತೆರೆದ. ಬೈಗುಳ ಬಂದಷ್ಟು ಸುಲಭವಾಗಿ ನಿಜದ ಮಾತು ಬರಲಿಲ್ಲ.

“ಅಪ್ಪಾ, ಮುಂದಿನ ವರ್ಷ ಮತ್ತ ಕಳಸ್ತೀನಿ,” ಎಂದಳು ಸುವರ್ಣಾ.

“ಹೂಂ, ಕಳಸವ್ವಾ, ಕಳಸ,” ಎಂದ ಅವನು ಅವಸರದಿಂದ.

ಜನಾಬಾಯಿ ಚೀಲ ಎತ್ತಿಕೊಂಡಳು.

“ಬ್ಯಾಡವ್ವಾ, ನಾ ಒಲ್ಲೆ. ಒಮ್ಮೆ ಹೋಗಿ ಬಂದೆನಲ್ಲ, ಸಾಕು,” ಎನ್ನುತ್ತ ಆಟೋದ ಕಡೆಗೆ ನಡೆದಳು.