ಹಾಸು ಮುಗಿದವರಿಗೆ ಸೂಟಿ

ಗಜೇಂದ್ರಗಡದಲ್ಲಿ ಪ್ರಭುಲಿಂಗಪ್ಪನವರ ಮಗ್ಗದ ಮನೆಯಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಹನ್ನೆರಡು ಕುಣಿಮಗ್ಗಗಳಿದ್ದವು. ಹನ್ನೆರಡು ಮಂದಿ ನೇಕಾರರಿಗೂ ನಾಗರಪಂಚಮಿ ಇತ್ತು. ೧೯೫೪ರ ಶ್ರಾವಣದಲ್ಲಿ ಎಲ್ಲರೂ ಒಮ್ಮೆಲೇ ಸೂಟಿ ಕೇಳಿ, ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಮುಖ ತಿರುವಿ, ಮಿಸ್ತ್ರಿ ವೀರಪ್ಪ ಹಣ್ಣಾಗಿಹೋಗಿದ್ದ. ಅದಕ್ಕೇ ಮರುವರ್ಷ ಅವನೇ ಒಂದು ಕಟ್ಟಳೆ ಮಾಡಿದ: ಯಾರ ಹಾಸು ಮೊದಲು ಮುಗಿಯುತ್ತದೋ ಅವರಿಗೆ ಸೂಟಿ. ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲೇ ಹಾಸು; ಅದು ಇರುವತನಕ ನೇಕಾರ ಎದ್ದುಹೋಗುವ ಹಾಗಿಲ್ಲ. ಮುಖ ನೋಡುವುದಿಲ್ಲ, ಗೋಳು ಕೇಳುವುದಿಲ್ಲ, ನೂಲು ಹೇಳಿದಂತೆ. ಈ ಕಟ್ಟಳೆಯ ಬಗ್ಗೆ ವೀರಪ್ಪನಿಗೆ ಒಳಗೊಳಗೇ ಹೆಮ್ಮೆಯಿತ್ತು.

"ನನ್ನ ಮಗಾ ಬಂದು ಕೇಳಿದ್ರೂ ಇದ" ಅನ್ನುತ್ತಿದ್ದ.

"ಮಿಸ್ತ್ರಿಗೆ ಮಕ್ಕಳಿಲ್ಲಲ್ಲ, ಅದಕ್ಕ ಧೈರ್ಯಾ" ಎಂದು ನೇಕಾರ ಹೂವಪ್ಪ ಕುಣಿಯೊಳಗಿಂದಲೇ ನಗುತ್ತಿದ್ದ.

ಪಕ್ಕದ ಮಗ್ಗದ ಹುಚ್ಚಪ್ಪನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವನ ತಂಗಿ ಚೌಡವ್ವನನ್ನು ಆ ಬೇಸಿಗೆಯಲ್ಲಿ ಹೊಳೆಮಣ್ಣೂರಿಗೆ ಕೊಟ್ಟಿದ್ದರು. ಲಗ್ನವಾದ ಮೇಲಿನ ಮೊದಲ ಪಂಚಮಿ. ಅಪ್ಪ ಇಲ್ಲ, ಅಣ್ಣನೇ ಹೋಗಿ ತವರಿಗೆ ಕರೆತರಬೇಕು. ಯಾರೂ ಹೋಗದಿದ್ದರೆ ಗಂಡನ ಮನೆಯಲ್ಲಿ ಅವಳಿಗೆ ಹಿಂದೆ ಮುಂದೆ ಇಲ್ಲವೆಂದೇ ಅರ್ಥ. ಹುಚ್ಚಪ್ಪ ಆಷಾಢದಿಂದಲೇ ಉಣ್ಣುವ ಹೊತ್ತನ್ನೂ ಬಿಡದೆ ಲಾಳಿ ಎಸೆದ. ಪಂಚಮಿಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಕಡೆಯ ಸೀರೆ ಕೊಯ್ದು, ಮಡಿಸಿ, ವೀರಪ್ಪನ ಮುಂದಿಟ್ಟ.

"ಮುಗೀತ್ರಿ ಮಿಸ್ತ್ರಿ. ಎಲ್ಲಾರಕಿಂತ ಮೊದಲ ನನ್ನದ."

"ಹೌದೋ ಹುಲಿ! ಜಳಕಾ ಮಾಡಿ ಬಾ, ಸಾವ್ಕಾರ್ರಿಗೆ ಹೇಳಿರ್ತೀನಿ."

ಪ್ರಭುಲಿಂಗಪ್ಪನವರು ಗಾದಿಯ ಮೇಲೆ ಹುಬ್ಬಳ್ಳಿಯ ಕಾಗದ ಹಿಡಿದು ಕೂತಿದ್ದರು. ಅಲ್ಲಿನ ವ್ಯಾಪಾರಿ ಚೌತಿಯೊಳಗೆ ಇನ್ನೂ ನಲವತ್ತು ಸೀರೆ ಕೇಳಿದ್ದ.

"ಹಣಗಿಯೊಳಗ ಹಳೇ ಎಳಿ ಅದಾವಿಲ್ಲೋ?" ಎಂದರು.

"ಅದಾವ್ರಿ. ಮುಂದಿನ ಹಾಸು ಕೆಚ್ಚಾಕ ಬಿಟ್ಟೇವಿ."

ಮಗ್ಗದ ಬಾಚಣಿಗೆಯಂಥ ಹಣಗಿಯಲ್ಲಿ ಉಳಿದ ಹಳೆಯ ಹಾಸಿನ ಒಂದೊಂದು ತುದಿಗೂ ಹೊಸ ಎಳೆ ಹೊಸೆದು ಸೇರಿಸುವುದೇ ಕೆಚ್ಚುವುದು.

"ಮತ್ತ? ಎಳಿಗೆ ಎಳಿ ಕೂಡ್ತಂದ್ರ ಹಾಸು ಎಲ್ಲಿ ಮುಗೀತು? ಈಗ ಕೆಚ್ಚಸು."

ಅದು ಚ್ಯಾಷ್ಟಿಯೋ ಖರೆಯೋ ವೀರಪ್ಪನಿಗೆ ತಿಳಿಯಲಿಲ್ಲ. ಸಾವ್ಕಾರರು ನಗಲಿಲ್ಲ, ಮತ್ತೆ ಕಾಗದ ಓದತೊಡಗಿದರು.

ಹುಚ್ಚಪ್ಪ ಒಗೆದ ಅಂಗಿ ತೊಟ್ಟು, ಒದ್ದೆ ತಲೆಯಲ್ಲಿ ಬಂದಾಗ, ಕೆಚ್ಚುವ ತಿಪ್ಪವ್ವ ಅವನ ಮಗ್ಗದ ಮುಂದೆ ಕೂತು ಬೂದಿ ಹಚ್ಚಿದ ಬೆರಳಿನಿಂದ ಎಳೆ ಹೊಸೆಯುತ್ತಿದ್ದಳು.

"ಇದೇನ್ರಿ ಮಿಸ್ತ್ರಿ?"

ಉಳಿದ ಮಗ್ಗಗಳ ಸಪ್ಪಳ ನಿಂತಿತು. ವೀರಪ್ಪ ನೆಲ ನೋಡಿದ.

"ಎಳಿ ಕಡದಿಲ್ಲೋ ತಮ್ಮಾ. ಹಾಸು ಮುಗಿದಂಗ ಅಲ್ಲ."

"ಹಂಗಾದ್ರ ಯಾರದೂ ಎಂದೂ ಮುಗಿಯೂದಿಲ್ಲ ಬಿಡ್ರಿ" ಎಂದ ಹೂವಪ್ಪ.

ಸೂಟಿಯಿಲ್ಲದೆ ಊರಿಗೆ ಹೋದರೆ ಮಗ್ಗ ಬೇರೆಯವನ ಪಾಲು. ಹುಚ್ಚಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿ, ತಿಪ್ಪವ್ವ ಏಳುವುದನ್ನೇ ಕಾಯುತ್ತ ಗೋಡೆಗೆ ಒರಗಿ ಕೂತ.

ಪಂಚಮಿ ಕಳೆದ ಎಂಟನೆಯ ದಿನ ಚೌಡವ್ವನ ಗಂಡ ಹಾಲಸಿದ್ದಪ್ಪ ಗಂಟೊಂದನ್ನು ಹಿಡಿದು ಬಾಗಿಲಲ್ಲಿ ನಿಂತ.

"ನಮ್ಮ ಹುಚ್ಚಪ್ಪ ಮಾವಾರು ಎಲ್ಲಿ ಮಲಗ್ಯಾರ್ರಿ?"

"ಮಲಗ್ಯಾರ? ಯಾಕ್ರಿ?" ಎಂದ ವೀರಪ್ಪ.

"ಚಳಿಜ್ವರ ಹತ್ತಿ ಎದ್ದು ಕೂಡ್ರಾಕ ಬರವಲ್ದಂತಲ್ರಿ. ಅದಕ್ಕ ಕರಿಯಾಕ ಬಂದಿಲ್ಲ ಅಂತ ನಮ್ಮ ಮನಿಯಾಕಿ ಹೇಳಿದ್ಲು."

ಆ ಹುಡುಗಿ ಅತ್ತೆಯ ಮುಂದೆ ಅಣ್ಣನ ಮಾನ ಉಳಿಸಲು ಹೇಳಿದ ಸುಳ್ಳು ಅದೆಂದು ವೀರಪ್ಪನಿಗೆ ಹೊಳೆಯಿತು. ಹೌದು, ನಿನ್ನೆಯಷ್ಟೇ ಎದ್ದಿದ್ದಾನೆ ಅನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹುಚ್ಚಪ್ಪ ಕುಣಿಯಿಂದ ಮೇಲೆದ್ದಿದ್ದ.

"ಬರ್ರಿ, ಬರ್ರಿ ಹಾಲಸಿದ್ದಪ್ಪಾರ!"

"ಆರಾಮ ಅದೀರಲ್ಲ ಮಾವಾರ."

"ನನಗೇನಾಗೇತ್ರಿ? ಸೂಟಿ ಕೊಡಲಿಲ್ಲ, ಅದಕ್ಕ ಬರಾಕಾಗ್ಲಿಲ್ಲ."

"ಮೊದಲ ಪಂಚಮಿ ಅಂದ್ರೂ ಕೊಡಲಿಲ್ಲೇನು?"

ಗಾದಿಯ ಮೇಲಿಂದ ಪ್ರಭುಲಿಂಗಪ್ಪನವರು ಕನ್ನಡಕ ತೆಗೆದರು. "ಹಂಗಂತ ಹೇಳಿದ್ರ ನಾವ್ಯಾಕ ಬ್ಯಾಡ ಅಂತಿದ್ವಿ? ನಾವೂ ಹೆಣ್ಣ ಹಡದವ್ರ ಅದೀವಿ. ಏನೋ ವೀರಪ್ಪಾ?"

ಹನ್ನೆರಡು ಮಂದಿಯೂ ಅವನನ್ನೇ ನೋಡುತ್ತಿದ್ದರು.

"ಹೌದ್ರಿ" ಎಂದ ವೀರಪ್ಪ.

ಹಾಲಸಿದ್ದಪ್ಪ ತನಗೆ ಕೊಟ್ಟ ನೀರನ್ನು ಮುಟ್ಟಲಿಲ್ಲ. "ಅಲ್ಲಿ ತಂಗಿ ಒಂದ ಸುಳ್ಳ ಹೇಳ್ತಾಳ, ಇಲ್ಲಿ ಅಣ್ಣ ಒಂದ. ಚಲೋ ಮಂದಿ ಗಂಟ ಬಿದ್ದಾರ ನಮಗ. ರೋಗಿಷ್ಟಗ ಅಂತ ನಮ್ಮವ್ವ ಉಂಡಿ ಕಟ್ಟಿ ಕೊಟ್ಟಿದ್ಲು. ಇಲ್ಲಿ ರೋಗಿಷ್ಟ ಯಾರೂ ಇಲ್ಲ" ಎಂದು ಗಂಟನ್ನು ಬಗಲಲ್ಲಿ ಹಿಡಿದುಕೊಂಡೇ ಹೋದ.

ಮರುದಿನ ಸಾವ್ಕಾರರು ತಾವಾಗಿಯೇ, "ಚೌತಿ ಮಾಲು ಹೋದಮ್ಯಾಲ ಆ ಹುಚ್ಚಪ್ಪಗ ಎಂಟ ದಿನ ಸೂಟಿ ಕೊಡು" ಎಂದರು. ವೀರಪ್ಪ ಮಗ್ಗದ ಬಳಿ ಹೋಗಿ ಹೇಳಿದ.

"ಬ್ಯಾಡ್ರಿ" ಎಂದ ಹುಚ್ಚಪ್ಪ, ತಲೆ ಎತ್ತದೆ. "ಇನ್ನ ನಾ ಹೋದ್ರೂ ಅವರು ಕಳಸೂದಿಲ್ಲ. ಹೂವಪ್ಪಗ ಕೊಡ್ರಿ."

ವೀರಪ್ಪ ಹೂವಪ್ಪನ ಕಡೆ ತಿರುಗಿದ. ಹೂವಪ್ಪನೂ ಬೇಡವೆಂದ. ಅದರಾಚೆಯ ಮಗ್ಗದವನು ಕೇಳಿಸಿಯೂ ಕೇಳದವನಂತೆ ಲಾಳಿ ಎಸೆದ. ಆ ಶ್ರಾವಣದಲ್ಲಿ ಸೂಟಿ ಯಾರಿಗೂ ಬೇಕಾಗಿರಲಿಲ್ಲ.